ನಾನು ನಡೆಯದ ಹೆಜ್ಜೆಗಳು

ಮಾರ್ಚ್ ೧೪, ಗುರುವಾರ

ಆ ಮೂರು ಸಾವಿರ ಹೆಜ್ಜೆ ನಡೆದದ್ದು ನಾನಂತೂ ಅಲ್ಲ. ಬೆಳಿಗ್ಗೆಯಿಂದ ನಾಲ್ಕು ತಾಸು ಆಸ್ಪತ್ರೆಯ ಡಯಾಲಿಸಿಸ್ ಮಂಚದ ಮೇಲೆ ಬಿದ್ದುಕೊಂಡಿದ್ದೆ. ಸೊಂಟಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಡಬ್ಬಿಯನ್ನು ಮನೆಯಲ್ಲೇ ಕನ್ನಡಿ ಹತ್ತಿರ ಮರೆತು ಹೋಗಿದ್ದೆ. ಬಂದು ನೋಡಿದರೆ ಮೂರು ಸಾವಿರದ ನೂರಾ ಹತ್ತು. ಡಬ್ಬಿಗೇ ಕಾಲು ಬಂತೋ ಏನೋ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಹೋದ ವಾರ ನನ್ನ ಲೆಕ್ಕ ನೋಡಿ ಹಿಗ್ಗಿದ್ದಳು. "ಅಂಕಲ್, ಹೀಗೇ ನಡೀತಿದ್ರೆ ಆಪರೇಷನ್ ತಡ್ಕೋತೀರ, ಮುಂದಿನ ತಿಂಗಳು ಹೊಸ ಕಿಡ್ನಿ ಹಾಕೋ ಡಾಕ್ಟ್ರಿಗೆ ತೋರಿಸೋಣ." ನನಗೆ ಆಗಲೇ ಅನುಮಾನ ಬರಬೇಕಿತ್ತು. ಬಚ್ಚಲಿಗೆ ಹೋಗಿ ಬಂದರೆ ಏದುಸಿರು ಬಿಡುವವನು ನಾನು.

ಹೆಂಡತಿಯನ್ನು ಕೇಳಿದೆ. "ಇದನ್ನ ಸಿಕ್ಕಿಸ್ಕೊಂಡು ಓಡಾಡಿದ್ಯೇನೇ?"

"ನಂಗ್ಯಾಕ್ರೀ ಅದು, ನನ್ನ ಕಿಡ್ನಿ ಚೆನ್ನಾಗೇ ಇದೆ," ಅಂದಳು, ಪಾತ್ರೆ ಕಡೆ ಮುಖ ಮಾಡಿಕೊಂಡು. ಅವಳ ಸೊಂಟದ ಹತ್ತಿರ ಸೀರೆ ಮಾತ್ರ ಕ್ಲಿಪ್ಪು ಕಚ್ಚಿದ ಹಾಗೆ ಮುದುರಿತ್ತು.

ಮೊದಲು ನಗು ಬಂತು, ಆಮೇಲೆ ಹೆದರಿಕೆ ಆಯಿತು. ಅವಳ ಕಾಲಿಗೆ ಮಾರ್ಕು ಕೊಟ್ಟು ನನ್ನ ಹೊಟ್ಟೆ ಕೊಯ್ದರೆ ಏನು ಗತಿ?

"ರೀ, ಊಟಕ್ಕೆ ಬನ್ನಿ," ಅಂತ ಕೂಗುತ್ತಿದ್ದಾಳೆ. ಅಡುಗೆಮನೆ ಇಲ್ಲಿಂದ ಹನ್ನೊಂದು ಹೆಜ್ಜೆ. ಡಬ್ಬಿಯನ್ನು ಸೊನ್ನೆಗೆ ತಂದು ನನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದೇನೆ. ಮನೆ ಹಿಂದಿನಿಂದ ಸುತ್ತಿಕೊಂಡು ಹೋಗುತ್ತೇನೆ, ಅನ್ನ ಆರಿದರೆ ಆರಲಿ.