ಆರು ಮೊಟ್ಟೆಯ ಬಲ

ಭಾನುವಾರ, ನವೆಂಬರ್ ೧೭

ಊರಿಂದ ಹಾಸ್ಟೆಲಿಗೆ ಮರಳಿದೆ. ಮೆಸ್ಸಿನ ಅಡುಗೆಯವರು ನನ್ನ ಪಾಲಿನ ಆರು ಬೇಯಿಸಿದ ಮೊಟ್ಟೆಗಳನ್ನು ಮುಚ್ಚಿಟ್ಟಿದ್ದರು.

"ಬಾರಪ್ಪ ಪೈಲ್ವಾನ, ಎಂ.ಎ. ಪುಸ್ತಕ ಎತ್ತೋಕೆ ಇಷ್ಟೊಂದು ಬೇಕಾ?"

ನಕ್ಕು ತಟ್ಟೆ ತೆಗೆದುಕೊಂಡೆ. ಯಾಕೆ ತಿನ್ನುತ್ತೇನೆಂದು ಅವರಿಗೆ ಇದುವರೆಗೂ ಹೇಳಿಲ್ಲ.

ಜೂನ್‌ನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಾಗ ನನ್ನಿಂದ ಎತ್ತಲಾಗಲಿಲ್ಲ. ಪಕ್ಕದ ಮನೆಯ ಬಡಗಿ ಬಂದು ಎತ್ತಿದರು. ಒದ್ದೆ ಮೈಯಲ್ಲಿದ್ದ ಅಪ್ಪ ಅಷ್ಟು ಹೊತ್ತೂ ಗೋಡೆಯನ್ನೇ ನೋಡುತ್ತಿದ್ದರು. ಮರುದಿನದಿಂದಲೇ ಮೊಟ್ಟೆ, ಹಾಲು, ಕಡಲೆಕಾಳು, ಬೆಳಿಗ್ಗೆ ಡಂಬೆಲ್ಸ್ ಶುರುಮಾಡಿದೆ. ಐದು ತಿಂಗಳಲ್ಲಿ ನಾಲ್ಕು ಕೆಜಿ ಹೆಚ್ಚಿದ್ದೇನೆ.

ಇವತ್ತು ಅಪ್ಪನನ್ನು ಹಾಸಿಗೆಯಿಂದ ಕುರ್ಚಿಗೆ ನಾನೊಬ್ಬನೇ ಎತ್ತಿ ಕೂರಿಸಿದೆ. ಏದುಸಿರು ಕೂಡ ಬರಲಿಲ್ಲ.

"ಭಲೇ! ಮೊಟ್ಟೆ ಕೆಲಸ ಮಾಡ್ತಿದೆ ಕಣೋ," ಎಂದು ಅಪ್ಪ ನನ್ನ ತೋಳು ಹಿಸುಕಿ ನೋಡಿದರು. ದಿಂಬಿನ ಕವರು ಬದಲಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. ಇದೇ ಐದು ತಿಂಗಳಲ್ಲಿ ಅಪ್ಪ ಹದಿನೇಳು ಕೆಜಿ ಇಳಿದಿದ್ದಾರೆಂದು ಆಸ್ಪತ್ರೆಯ ಚೀಟಿಯಲ್ಲಿ ಅಮ್ಮ, ನಾನು ಇಬ್ಬರೂ ಓದಿದ್ದೆವು.

"ಹೂಂ ಅಪ್ಪ," ಎಂದೆ.

ಬಸ್ಸಿನಲ್ಲಿ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಐದು ಮೊಟ್ಟೆ ತಿಂದಾಯಿತು, ರುಚಿ ಗೊತ್ತಾಗಲಿಲ್ಲ. ಆರನೆಯದನ್ನು ಸುಲಿದಿಟ್ಟು ಅರ್ಧ ಗಂಟೆಯಾಯಿತು. ತಿನ್ನಬೇಕು. ಮುಂದಿನ ಭಾನುವಾರ ಅಪ್ಪ ಮತ್ತೆ ತೋಳು ಹಿಸುಕಿ ನೋಡುತ್ತಾರೆ, ಆಗ ಅದು ಗಟ್ಟಿಯಾಗಿರಬೇಕು.