ಮೊದಲ ಹಲುಬೆ ನನ್ನದೇ

ವ್ಯಾಪಾರ ಖಾತೆಯ ಮಾನ್ಯ ಸಚಿವರೇ,

ಈ ಪತ್ರ ನಿಮ್ಮ ಮೇಜಿಗೆ ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ನೀವೇ ಇರುತ್ತೀರೋ, ಇನ್ನೊಬ್ಬರು ಬಂದು ಕೂತಿರುತ್ತಾರೋ ಬಲ್ಲವರಾರು? ಹಾಗಾಗಿ ಕುರ್ಚಿಗೇ ಬರೆಯುತ್ತಿದ್ದೇನೆ. ವೇಲ್ಸಿನ ಉತ್ತರ ಕರಾವಳಿಯ ನಮ್ಮ ಅಳಿವೆಯ ಚಿಪ್ಪುಮೀನು ಐರೋಪ್ಯ ಒಕ್ಕೂಟದ ಬಾಗಿಲು ದಾಟದೆ ಮೂರು ವರ್ಷವಾಯಿತು. ಈ ಕಸುಬಿನ ಏಳು ಮನೆತನಗಳು ಬರುವ ಮಾರ್ಚ್ ಒಂದರಂದು ದೋಣಿ ಕಟ್ಟುವ ದಕ್ಕೆಯಲ್ಲಿ ಸೇರಿ, ಕಸುಬು ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನಿಸಲಿವೆ. ಇದಕ್ಕೆ ನಿಮ್ಮ ಕುರ್ಚಿ ಕಾರಣ, ನಾನೂ ಕಾರಣ. ನಿಮಗೆ ನಾಚಿಕೆಯಾಗಿದೆಯೋ ಇಲ್ಲವೋ ತಿಳಿಯದು, ನನಗಂತೂ ಆ ದಕ್ಕೆಯ ಮೇಲೆ ತಲೆಯೆತ್ತಿ ನಡೆಯಲಾಗುತ್ತಿಲ್ಲ.

ನಮ್ಮಲ್ಲೊಂದು ರೂಢಿಯಿದೆ. ತಳದಿಂದ ಚಿಪ್ಪುಮೀನು ಎಳೆಯುವ ಹಲುಬೆಗೆ ಎರಡಾಳುದ್ದದ ಕೋಲು. ಮನೆತನಕ್ಕೊಂದು ಹಲುಬೆ, ಚಿಪ್ಪುಮೀನು ಹಿಡಿಯುವ ಒಂದು ಹಕ್ಕು. ಏನಾದರೂ ನಿರ್ಧರಿಸಬೇಕಾದರೆ ಎಲ್ಲರೂ ಹಲುಬೆ ತರುತ್ತಾರೆ. ಸರಿ ಎನ್ನುವವರು ನೀರಿನ ಕಡೆ ಇಡಬೇಕು, ಬೇಡ ಎನ್ನುವವರು ಗೋಡೆಯ ಕಡೆ. ಹಳೆಯ ಹಕ್ಕಿನ ಮನೆಯದು ಮೊದಲ ಹಲುಬೆ. ಅದಕ್ಕೆ ಎದುರು ಇಡುವುದು ಮರ್ಯಾದೆಯಲ್ಲವೆಂದು ಉಳಿದವರು ಪಕ್ಕದಲ್ಲೇ ಇಡುತ್ತಾರೆ. ಆ ಹಳೆಯ ಮನೆ ನಮ್ಮದು. ನೀರಿಗಿಳಿದು ಬೆನ್ನು ಮುರಿದುಕೊಳ್ಳುವವನು ತಮ್ಮ ಎಮ್ರಿಸ್; ಹಕ್ಕು ಮಾತ್ರ ಹಿರಿಯಳಾದ ನನ್ನ ಹೆಸರಲ್ಲಿತ್ತು. ಸಮುದ್ರದ ಯಾವ ಇಳಿತಕ್ಕೆ ದೋಣಿ ಬಿಡಬೇಕು ಎಂಬ ಮಾತಿಗೆ ಈ ರೂಢಿ ಚೆನ್ನಾಗಿಯೇ ಇತ್ತು. ಅದನ್ನು ದೇಶದ ಹಣೆಬರಹಕ್ಕೂ ಬಳಸಿದ ಜಾಣೆ ನಾನು.

ಒಕ್ಕೂಟ ಬಿಡಬೇಕೇ ಎಂದು ದೇಶವನ್ನೆಲ್ಲ ಕೇಳಿದ ಆ ಬೇಸಿಗೆಯಲ್ಲಿ ನಿಮ್ಮ ಕುರ್ಚಿಯ ಹಿಂದಿನವರೊಬ್ಬರು ನಮ್ಮ ದಕ್ಕೆಗೆ ಬಂದಿದ್ದರು. ಬೂಟು ಹೊಚ್ಚ ಹೊಸದು, ಅಂಗಡಿಯ ಚೀಟಿ ಇನ್ನೂ ಹಿಮ್ಮಡಿಗೆ ಅಂಟಿಕೊಂಡಿತ್ತು. ಬೋರಲು ಹಾಕಿದ ಮೀನಿನ ಪೆಟ್ಟಿಗೆ ಹತ್ತಿ, "ನಮ್ಮ ನೀರು ನಮಗೆ! ಪ್ರಪಂಚವೇ ಇನ್ನು ನಿಮ್ಮ ಸಂತೆ!" ಎಂದರು. ಮೊದಲು ಚಪ್ಪಾಳೆ ತಟ್ಟಿದವಳು ನಾನು. ಆ ಸಂಜೆ ಎಮ್ರಿಸ್ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

"ಅಕ್ಕಾ, ನಮ್ಮ ನೀರು ನಮಗೆ ಅಂತೀಯಲ್ಲ, ಒಂದು ಗುಟುಕು ಕುಡಿದು ನೋಡಿದ್ದೀಯಾ? ಮೇಲಿನ ಊರುಗಳ ಕೊಳಚೆಯೆಲ್ಲ ಬರೋದು ಇಲ್ಲಿಗೇ. ಎರ್ವಾನ್ ತನ್ನ ತೊಟ್ಟೀಲಿ ಇಟ್ಟು ತೊಳೀತಾನೆ, ಅದಕ್ಕೇ ನಮ್ಮ ಮಾಲಿಗೆ ಬೆಲೆ. ಬಾಗಿಲು ಹಾಕ್ಕೊಂಡ್ರೆ ತೊಳೆಯೋರ್ಯಾರು?"

"ಸುಮ್ನಿರೋ ಪುಕ್ಕಲ. ಅಷ್ಟು ದೊಡ್ಡೋರಿಗೆ ಗೊತ್ತಿಲ್ಲದ್ದು ನಿಂಗೆ ಗೊತ್ತಾ?" ಎಂದು ಬಾಯಿ ಮುಚ್ಚಿಸಿದೆ.

ಎರ್ವಾನ್ ಎಂದರೆ ಫ್ರಾನ್ಸಿನ ತೀರದ ವ್ಯಾಪಾರಿ. ಇಪ್ಪತ್ತಾರು ವರ್ಷ ಬರೀ ಮಾತಿನ ಮೇಲೆ ನಮ್ಮ ಮಾಲು ಕೊಂಡವನು. ಮರುದಿನ ಒಕ್ಕೂಟ ಬಿಡುವುದೇ ಸರಿ ಎಂದು ಹಲುಬೆಯನ್ನು ನೀರಿನ ಕಡೆ ಇಟ್ಟೆ. ಉಳಿದ ಆರೂ ಸಾಲಾಗಿ ಪಕ್ಕಕ್ಕೆ ಬಂದವು. ಮತ ಹಾಕುವ ದಿನ ಎಲ್ಲರೂ ಆ ಸಾಲಿಗೆ ನಿಷ್ಠರಾಗಿದ್ದರು, ಎಮ್ರಿಸ್ ಕೂಡ.

ಒಕ್ಕೂಟ ಬಿಟ್ಟ ಮೇಲೆ ಹೋದ ಮೊದಲ ಲಾರಿಯನ್ನು ಆಚೆ ಬಂದರಿನಲ್ಲೇ ತಡೆದರು. ಹೊರದೇಶದ ತೊಳೆಯದ ಚಿಪ್ಪುಮೀನಿಗೆ ಒಳಗೆ ಪ್ರವೇಶವಿಲ್ಲವಂತೆ. ನಾವಿನ್ನೂ ಒಕ್ಕೂಟದಲ್ಲಿದ್ದಾಗ ಆ ನಿಯಮ ಬರೆಯುವಾಗ ಮೇಜಿನ ಸುತ್ತ ನಮ್ಮವರೂ ಕೂತಿದ್ದರಂತೆ! ಎರ್ವಾನ್ ಫೋನು ಮಾಡಿದ.

"ಮಾಲು ಎಂದಿನ ಹಾಗೇ ಇದೆ ಕಣಮ್ಮಾ ಮೋರ್ವೆನ್. ಆದ್ರೆ ನೀವೀಗ ಹೊರಗಿನೋರಂತೆ. ಇದನ್ನ ನಿಮಗೆ ಹೇಳೋಕೆ ನಂಗೇ ನಾಚಿಕೆ ಆಗ್ತಿದೆ."

ನೋಡಿ ಮಾನ್ಯರೇ, ತಪ್ಪು ಮಾಡಿದವಳು ನಾನು, ನಾಚಿಕೊಂಡವನು ಅವನು. ಲಾರಿಯ ಮಾಲೆಲ್ಲ ಅಲ್ಲೇ ಸತ್ತು ನಾರಿತು.

ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಉತ್ತರ ಬಂದವು, ಮೂರಕ್ಕೂ ಬೇರೆ ಬೇರೆ ಸಹಿ, ಒಕ್ಕಣೆ ಒಂದೇ: ಪೆಸಿಫಿಕ್ ಸಾಗರದಾಚೆ ಅಪಾರ ಅವಕಾಶಗಳಿವೆ. ಇವೆ, ಯಾರು ಇಲ್ಲವೆಂದರು? ಆದರೆ ನಮ್ಮ ಚಿಪ್ಪುಮೀನು ನೀರಿನಿಂದ ಮೇಲೆ ಬಂದು ಬದುಕುವುದು ಹೆಚ್ಚೆಂದರೆ ವಾರ. ಕೊಳ್ಳುವವರಿಗೆ ಅದು ಜೀವಂತ ತಲುಪಬೇಕು. ಹಡಗಿನಲ್ಲಿ ಅದು ಅರ್ಧ ದಾರಿಯನ್ನಾದರೂ ನೋಡೀತೇ? ನಿಮ್ಮ ಪಕ್ಷದಲ್ಲಿ ನಾಯಕರು ಬದಲಾಗುವ ವೇಗದಲ್ಲಿ ಮಾಲು ಸಾಗಿಸುವ ಹಡಗೇನಾದರೂ ಇದ್ದರೆ ತಿಳಿಸಿ.

ಎಮ್ರಿಸ್ ಈಗ ಮನೆಮನೆಗೆ ಪೊಟ್ಟಣ ಹಂಚುವ ವ್ಯಾನು ಓಡಿಸುತ್ತಾನೆ. ಭಾನುವಾರ ಊಟಕ್ಕೆ ಬರುತ್ತಾನೆ, ಉಂಡು ತಟ್ಟೆ ತೊಳೆದಿಟ್ಟು ಹೋಗುತ್ತಾನೆ. "ನಾ ಅವತ್ತೇ ಹೇಳಿರಲಿಲ್ವಾ" ಎಂದು ಈ ಮೂರು ವರ್ಷದಲ್ಲಿ ಒಮ್ಮೆಯೂ ಅಂದಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರು ವರ್ಷ ನೀರಿಗಿಳಿಯದ ಹಲುಬೆಯ ಹಕ್ಕು ನಾಲ್ಕನೆಯ ವರ್ಷ ಬಿದ್ದುಹೋಗುತ್ತದೆ. ಆದ್ದರಿಂದ ನನ್ನ ಬೇಡಿಕೆ ಕೇಳಿ. ಮಾರ್ಚ್ ಒಂದರಂದು ದಕ್ಕೆಗೆ ಬನ್ನಿ. ಹೊಸ ಬೂಟು ಬೇಡ. ಅದೇ ಪೆಟ್ಟಿಗೆ ಇಟ್ಟಿರುತ್ತೇನೆ, ಹತ್ತಿ ನಿಂತು "ತಪ್ಪಾಯಿತು" ಎನ್ನಿ. ಒಕ್ಕೂಟದವರ ಮುಂದೆ ಮತ್ತೆ ಕೂತು ನಮ್ಮ ಮಾಲಿಗೆ ದಾರಿ ಬಿಡಿಸುತ್ತೇನೆಂದು ಮಾತು ಕೊಡಿ. ನೀವು ಒಬ್ಬರೇ ನಿಲ್ಲಬೇಕಾಗಿಲ್ಲ, ಆ ಪೆಟ್ಟಿಗೆಯ ಮೇಲೆ ಇಬ್ಬರಿಗೆ ಜಾಗವಿದೆ. ನೀವು ಬಾರದಿದ್ದರೆ ನಾನೊಬ್ಬಳೇ ಹತ್ತುತ್ತೇನೆ.

ಹಕ್ಕನ್ನು ಹೋದ ವಾರ ತಮ್ಮನ ಹೆಸರಿಗೆ ಬರೆದುಕೊಟ್ಟೆ. ಆ ದಿನ ಮೊದಲ ಹಲುಬೆ ಇಡುವವನು ಎಮ್ರಿಸ್. ಕಸುಬು ಉಳಿಯಲೆಂದು ನೀರಿನ ಕಡೆಯೋ, ಸಾಕೆಂದು ಗೋಡೆಯ ಕಡೆಯೋ, ಈ ಸಲ ನಾನು ಕೇಳುವುದಿಲ್ಲ, ಅವನ ಬಾಯಿ ಮುಚ್ಚಿಸುವುದೂ ಇಲ್ಲ.

ಇಂತಿ,
ಹಲುಬೆಯನ್ನು ಮೊದಲು ಇಟ್ಟು, ಪ್ರಶ್ನೆಯನ್ನು ಕೊನೆಗೆ ಕೇಳಿದ
ಮೋರ್ವೆನ್ ಪ್ರೊಬರ್ಟ್