ನನ್ನ ಚಿತ್ರದ ಮೇಲೆ ಮರಕುಟಿಗ

ಪಪ್ಪಾ,

ಇವತ್ತು ಹಿತ್ತಲಿನ ಬೋಳು ತೆಂಗಿಗೆ ಹೊಂಬೆನ್ನಿನ ಮರಕುಟಿಗ ಬಂತು. ಮಗು ಆಗಷ್ಟೇ ಮಲಗಿತ್ತು; ನನಗೆ ನಿದ್ದೆ ಇಲ್ಲ. ನೀವು ಹೋದ ಮೇಲೆ ಯಾರೂ ಮುಟ್ಟದ ನಿಮ್ಮ ಹಳೆಯ ಕ್ಯಾಮೆರಾ ಹಿಡಿದು ನಿಂತೆ. ಹಕ್ಕಿ ಕಾಂಡದ ಹಿಂದೆ ಅಡಗಿ, ಮತ್ತೆ ಇಣುಕಿತು. ನಗು ಬಂತು. ಒತ್ತಿದೆ.

ಆಮೇಲೆ ನೆನಪಾಯಿತು: ನೀವು ಫಿಲ್ಮ್ ಸುತ್ತುತ್ತಿದ್ದುದು ಮುಂದಿನ ಚಿತ್ರ ತೆಗೆಯುವ ಮುಂಚೆ ಮಾತ್ರ. ನಾನು ಸುತ್ತಿರಲಿಲ್ಲ. ಆಸ್ಪತ್ರೆಯಲ್ಲಿ “ಒಮ್ಮೆ ನಗು ಬಾಯೆ, ನಗು ಮಗಳೇ” ಎನ್ನುತ್ತ ತೆಗೆದಿರಲ್ಲ, ಮಗುವಿನೊಂದಿಗೆ ನಗದೆ ಕುಳಿತ ನನ್ನ ಚಿತ್ರ, ಅದರ ಮೇಲೆಯೇ ಹಕ್ಕಿ ಬಿದ್ದಿದೆ. ನೀವು ತೆಗೆದ ಕೊನೆಯ ಚಿತ್ರ, ರೀಲಿನದ್ದೂ ಕೊನೆಯದು.

“ಉಡುಪಿಗೆ ಹೋಗ್ಲಿಕ್ಕುಂಟು. ರೀಲು ತೊಳೆಯಲಿಕ್ಕೆ ಕೊಡುವುದಾ?” ಎಂದು ಇವರು ಕೇಳಿದರು.

“ಇನ್ನೂ ಒಂದು ಚಿತ್ರ ಬಾಕಿ ಉಂಟು,” ಎಂದೆ.

ಇರಲಿಲ್ಲ, ಪಪ್ಪಾ. ಆ ಚಿತ್ರ ಕೆಟ್ಟಿದೆಯೋ ಏನೋ, ನೋಡಲು ಧೈರ್ಯ ಸಾಲದೆ ಕ್ಯಾಮೆರಾವನ್ನು ಮಗುವಿನ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ.

ಝೀಟಾ